ಊರಿನ ಸೋಲಾರಿಗೆ ದುಡ್ಡು ಹಾಕೋರು ಯಾರು?

ಗದಗದಿಂದ ಮುಂಡರಗಿ ಕಡೆ ಹೋದರೆ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ತಿರುಗುವುದು ಕಾಣುತ್ತದೆ. ಅದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊಟ್ಟಮೊದಲ ಸಂಘಗಳಲ್ಲಿ ಅದೂ ಒಂದು. ಆಮೇಲೆ ಹಾಲಿಗೆ ಸಂಘ ಬಂತು, ಸಕ್ಕರೆಗೆ ಬಂತು, ಅಡಿಕೆಗೆ ಬಂತು, ನೇಕಾರರಿಗೆ ಬಂತು. ಊರ ಮೇಲೆ ಬೀಸುವ ಗಾಳಿ, ಬೀಳುವ ಬಿಸಿಲು ಮಾತ್ರ ಕಂಪನಿಗಳ ಪಾಲಾಯಿತು.

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ನೋಡಿ. 13 ಸಾವಿರ ಎಕರೆ, 2,050 ಮೆಗಾವಾಟ್. ರೈತರಿಗೆ ಸಿಕ್ಕಿದ್ದು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಒಪ್ಪಂದ 28 ವರ್ಷದ್ದು. ಬರದ ನಾಡಿನಲ್ಲಿ ಅದು ಕೆಟ್ಟ ದುಡ್ಡೇನಲ್ಲ, ಎಷ್ಟೋ ಮನೆಗಳಿಗೆ ಆಸರೆ ಆಗಿದೆ. ಆದರೆ ಬಾಡಿಗೆ ಬಾಡಿಗೆಯೇ, ಒಡೆತನ ಒಡೆತನವೇ. ಜಮೀನು ಇಲ್ಲದೆ ಕೂಲಿಗೆ ಹೋಗುತ್ತಿದ್ದವರಿಗಂತೂ ಬಾಡಿಗೆಯೂ ಇಲ್ಲ.

ಹಾಗಾದರೆ ಊರಿನವರೇ ಸೇರಿ ಒಂದು ಸಣ್ಣ ಸೋಲಾರ್ ಘಟಕ ಯಾಕೆ ಹಾಕಬಾರದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ "ಸಬ್ಸಿಡಿ ಸಾಲದು" ಅಥವಾ "ಜನರಿಗೆ ತಿಳಿವಳಿಕೆ ಇಲ್ಲ". ಎರಡೂ ಅರ್ಧ ಸತ್ಯ. ನನ್ನ ಪ್ರಕಾರ ಕೊರತೆ ಇರುವುದು ಎರಡು ಜಾಗದಲ್ಲಿ. ಸಾಲ ಸಿಗುವುದಕ್ಕಿಂತ ಮೊದಲು ಕೈಯಿಂದ ಹಾಕಬೇಕಾದ ದುಡ್ಡು ಒಂದು. ಕರೆಂಟು ಕೊಂಡವರು ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ ಅನ್ನುವ ಖಾತ್ರಿ ಇನ್ನೊಂದು. ಇವೆರಡು ಇದ್ದರೆ ಬ್ಯಾಂಕು ತಾನಾಗೇ ಬರುತ್ತದೆ. ಇಲ್ಲದಿದ್ದರೆ ಎಷ್ಟು ಸಬ್ಸಿಡಿ ಕೊಟ್ಟರೂ ಅದು ಬೇರೆ ಯಾರದ್ದೋ ಜೇಬಿಗೆ ಹೋಗುತ್ತದೆ.

ಸುಮ್ನೆ ಹೇಳಿದರೆ ಆಗಲ್ಲ, ಲೆಕ್ಕ ನೋಡೋಣ. ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಬಂತು. ಅದರ 'ಎ' ಭಾಗದಲ್ಲಿ ರೈತರು, ರೈತ ಸಂಘಗಳು, ಸಹಕಾರ ಸಂಘಗಳು, ಪಂಚಾಯಿತಿಗಳು 500 ಕಿಲೋವಾಟ್‌ನಿಂದ 2 ಮೆಗಾವಾಟ್ ತನಕ ಘಟಕ ಹಾಕಿ ಕರೆಂಟನ್ನು ಎಸ್ಕಾಂಗೆ (ಸರ್ಕಾರಿ ವಿದ್ಯುತ್ ಸರಬರಾಜು ಕಂಪನಿಗೆ) ಮಾರಬಹುದು. ಈ ಭಾಗದಲ್ಲಿ ಮೊದಲು ಶುರುವಾದದ್ದು ರಾಜಸ್ಥಾನದ ಕೋಟ್‌ಪುತಲಿ ಹತ್ತಿರದ ಭಾಲೋಜಿ ಎಂಬ ಹಳ್ಳಿಯಲ್ಲಿ, 2021ರಲ್ಲಿ, 1 ಮೆಗಾವಾಟ್. ಖರ್ಚು ಸುಮಾರು 3.70 ಕೋಟಿ. ವರ್ಷಕ್ಕೆ 17 ಲಕ್ಷ ಯೂನಿಟ್ ಅಂದಾಜು. ದರ ಯೂನಿಟ್‌ಗೆ 3 ರೂಪಾಯಿ 14 ಪೈಸೆ. ಅಂದರೆ ವರ್ಷದ ವಸೂಲಿ 53 ಲಕ್ಷದ ಆಸುಪಾಸು.

ಇಷ್ಟು ಅಲ್ಲಿಯದು. ಇನ್ನು ಮುಂದಿನ ಲೆಕ್ಕ ನನ್ನದು. ಬ್ಯಾಂಕು ಶೇ 70 ಸಾಲ ಕೊಟ್ಟಿತು ಅಂದುಕೊಳ್ಳಿ, ಅಂದರೆ 2.59 ಕೋಟಿ. ಶೇ 10ರ ಬಡ್ಡಿ, 15 ವರ್ಷ. ಕಂತು ವರ್ಷಕ್ಕೆ ಸುಮಾರು 34 ಲಕ್ಷ. ಪ್ಯಾನೆಲ್ ತೊಳೆಯುವುದು, ಕಾವಲು, ವಿಮೆ, ಇನ್ವರ್ಟರ್ ರಿಪೇರಿಗೆ 5 ಲಕ್ಷ ಇಡಿ. ಕೈಯಲ್ಲಿ ಉಳಿಯುವುದು 14 ಲಕ್ಷ. ಹಾಕಿದ್ದು 1.11 ಕೋಟಿ. ಶೇ 12ರ ಮೇಲೆ ಗಳಿಕೆ. ಎಫ್‌ಡಿಗಿಂತ ಎಷ್ಟೋ ವಾಸಿ, ಅಲ್ವಾ?

ಕಾಗದದ ಮೇಲೆ ಹೌದು. ಆದರೆ ಆ 1.11 ಕೋಟಿ ಯಾವ ಊರಿನ ಸಂಘದ ಹತ್ತಿರ ಇದೆ? ಅದಕ್ಕೂ ಮುಂಚೆ ಮೆಗಾವಾಟ್‌ಗೆ 1 ಲಕ್ಷ ಇಎಂಡಿ (ಮುಂಗಡ ಠೇವಣಿ) ಕಟ್ಟಬೇಕು, 5 ಲಕ್ಷದ ಬ್ಯಾಂಕ್ ಗ್ಯಾರಂಟಿ ಕೊಡಬೇಕು, ಯೋಜನಾ ವರದಿ ಬರೆಸಬೇಕು, ಸಬ್‌ಸ್ಟೇಷನ್‌ವರೆಗೆ ಲೈನ್ ಎಳೆಯುವ ಅಂದಾಜು ಮಾಡಿಸಬೇಕು. ಯೋಜನೆ ಬಿದ್ದುಹೋದರೆ ಈ ದುಡ್ಡಿನಲ್ಲಿ ಬಹುಪಾಲು ಹೋದಂತೆಯೇ. ಇಂಥ ಹೋದರೆ ಹೋಯಿತು ಅನ್ನುವ ದುಡ್ಡಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಕೊಡಲೂಬಾರದು, ಅದು ಬ್ಯಾಂಕಿನ ಕೆಲಸವಲ್ಲ.

ಇನ್ನೊಂದು ತಮಾಷೆ ಕೇಳಿ. ಕುಸುಮ್ 'ಎ' ಭಾಗದಲ್ಲಿ ಕೇಂದ್ರದ ಸಹಾಯಧನ ರೈತನಿಗೆ ಬರುವುದೇ ಇಲ್ಲ. ಕರೆಂಟು ಕೊಳ್ಳುವ ಎಸ್ಕಾಂಗೆ ಯೂನಿಟ್‌ಗೆ 40 ಪೈಸೆ, ಐದು ವರ್ಷ. ಕಟ್ಟುವವನಿಗೆ ಬಂಡವಾಳದ ಸಬ್ಸಿಡಿ ಸೊನ್ನೆ. ಫೀಡರ್‌ಗಳನ್ನು (ಸಬ್‌ಸ್ಟೇಷನ್‌ನಿಂದ ಊರಿಗೆ ಬರುವ ಲೈನುಗಳನ್ನು) ಸೋಲಾರ್ ಮಾಡುವ 'ಸಿ' ಭಾಗದಲ್ಲಿ ಮೆಗಾವಾಟ್‌ಗೆ 1.05 ಕೋಟಿವರೆಗೆ ನೆರವು ಇದೆ, ಆದರೆ ಅದು ಟೆಂಡರ್ ದಾರಿ. ಟೆಂಡರಿನಲ್ಲಿ ಊರಿನ ಸಂಘ ಕಂಪನಿಯ ಎದುರು ಗೆಲ್ಲುವುದು ಅಪರೂಪ.

ಕೈಯಲ್ಲಿ ದುಡ್ಡಿಲ್ಲದವರಿಗೆ ಬರೀ ಹಕ್ಕು ಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ನಮ್ಮ ರಾಜ್ಯ ಈಗಾಗಲೇ ನೋಡಿದೆ. 2014ರಲ್ಲಿ ಜಮೀನಿರುವ ರೈತರಿಗೆ ಅಂತಲೇ 1ರಿಂದ 3 ಮೆಗಾವಾಟ್ ಸೋಲಾರ್ ಯೋಜನೆ ಬಂತು. ದರ ಯೂನಿಟ್‌ಗೆ 8.40 ರೂಪಾಯಿ. ಭರ್ಜರಿ ದರ. ಆದರೆ ಆ ಕಾಲದಲ್ಲಿ ಒಂದು ಮೆಗಾವಾಟ್‌ಗೆ ಬೇಕಿದ್ದ ಕೋಟಿಗಳು ಯಾವ ರೈತನ ಹತ್ತಿರ ಇದ್ದವು? ಹೆಸರು ರೈತನದ್ದು, ಪಹಣಿ ರೈತನದ್ದು, ಹಿಂದೆ ನಿಂತದ್ದು ಹೂಡಿಕೆದಾರರು. ಎಷ್ಟೋ ಕಡೆ ರೈತ ತನ್ನದೇ ಕಂಪನಿಯಲ್ಲಿ ಸಣ್ಣ ಪಾಲುದಾರನಾದ. ಆಮೇಲೆ ಭೂಪರಿವರ್ತನೆ ತಡವಾಯಿತು, ಲೈನ್ ಅನುಮತಿ ತಡವಾಯಿತು. ಅಷ್ಟರಲ್ಲಿ ಪ್ಯಾನೆಲ್ ಬೆಲೆ ಬಿತ್ತು. ತಡವಾದವರಿಗೆ ದರ ಇಳಿಯಿತು, ಕೆಲವರಿಗೆ 4.36ರ ತನಕ. ಕೇಸುಗಳು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವು. ಈ ಹೊಡೆತ ಕಂಪನಿಗೆ ಹತ್ತರಲ್ಲಿ ಒಂದು ನಷ್ಟ, ಒಬ್ಬ ರೈತನಿಗೆ ಅದೇ ಇಡೀ ಆಸ್ತಿ.

ಇದು ನಮ್ಮಲ್ಲಿ ಮಾತ್ರ ಆಗಿದ್ದು ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ 2000ದ ಕಾಯ್ದೆ ನಿಗದಿತ ದರ ಕೊಟ್ಟಿತ್ತು. ಅದನ್ನು ನಂಬಿ ನೂರಾರು ಊರುಗಳಲ್ಲಿ ಜನ ಸಂಘ ಕಟ್ಟಿ ಸೋಲಾರು, ಫ್ಯಾನು ಹಾಕಿದರು. ಆಮೇಲೆ ಸರ್ಕಾರ ಹರಾಜು ಪದ್ಧತಿಗೆ ಹೋಯಿತು. 2017ರಲ್ಲಿ ಗಾಳಿ ವಿದ್ಯುತ್ತಿನ ಮೊದಲ ಹರಾಜು ನಡೆದಾಗ ನಾಗರಿಕರ ಸಂಘಗಳಿಗೆ ವಿಶೇಷ ರಿಯಾಯಿತಿ ಇತ್ತು. ಫಲಿತಾಂಶ ಬಂದಾಗ ಶೇ 90ಕ್ಕಿಂತ ಜಾಸ್ತಿ ಪಾಲು 'ನಾಗರಿಕ ಸಂಘ'ಗಳಿಗೇ! ಒಳಗೆ ಇಣುಕಿದರೆ ಬಹಳಷ್ಟು ಸಂಘಗಳ ಹಿಂದೆ ಇದ್ದದ್ದು ಕೆಲವೇ ದೊಡ್ಡ ಯೋಜನಾ ಕಂಪನಿಗಳು. ಆಮೇಲೆ ನಿಯಮ ಬದಲಿಸಬೇಕಾಯಿತು. ಬರ್ಲಿನ್ ಆದರೇನು, ಬೆಂಗಳೂರಾದರೇನು, ಬೇನಾಮಿಗೆ ಭಾಷೆ ಬೇಕಿಲ್ಲ.

ಹಾಗಂತ ಊರಿನವರ ಕೈಯಲ್ಲಿ ಆಗುವುದೇ ಇಲ್ಲ ಅಂತಲ್ಲ. ಊಟಿ ಬೆಟ್ಟದ ಬುಡದಲ್ಲಿ, ಮೇಟ್ಟುಪಾಳ್ಯಂ ಹತ್ತಿರ, ಓಡಂತುರೈ ಅಂತ ಒಂದು ಪಂಚಾಯಿತಿ ಇದೆ. ಅವರು 2006ರಲ್ಲಿ 350 ಕಿಲೋವಾಟ್‌ನ ಗಾಳಿ ಫ್ಯಾನು ಕೊಂಡರು. ಬೆಲೆ 1.55 ಕೋಟಿ. ಪಂಚಾಯಿತಿ ಉಳಿತಾಯದಿಂದ 40 ಲಕ್ಷ, ಬ್ಯಾಂಕ್ ಸಾಲ 1.15 ಕೋಟಿ. ಫ್ಯಾನು ನಿಂತದ್ದು ಅವರ ಊರಲ್ಲೂ ಅಲ್ಲ. ಗಾಳಿ ಚೆನ್ನಾಗಿ ಬೀಸುವ ಉಡುಮಲೈಪೇಟೆ ಕಡೆಯ ಮೈವಾಡಿಯಲ್ಲಿ. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಬರುತ್ತದೆ, ಪಂಚಾಯಿತಿಗೆ ಬೇಕಾಗಿದ್ದು 4.5 ಲಕ್ಷ, ಉಳಿದದ್ದನ್ನು ವಿದ್ಯುತ್ ಮಂಡಳಿಗೆ ಮಾರಿದರು. ಸಾಲವೂ ತೀರಿತು.

ಓಡಂತುರೈ ಬಗ್ಗೆ ಬರೆದವರೆಲ್ಲ ಆಗಿನ ಅಧ್ಯಕ್ಷ ಆರ್. ಷಣ್ಮುಗಂ ಅವರ ಛಲವನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆ 40 ಲಕ್ಷ. ಕಟ್ಟುನಿಟ್ಟಾಗಿ ಉಳಿಸಿದ ದುಡ್ಡು ಕೈಯಲ್ಲಿತ್ತು, ಅದಕ್ಕೇ ಮ್ಯಾನೇಜರ್ ಎದುರು ಕುರ್ಚಿ ಸಿಕ್ಕಿತು. ಎರಡನೆಯದು, ಮೊದಲ ಗ್ರಾಹಕ ಪಂಚಾಯಿತಿಯೇ. ತನ್ನ ನೀರಿನ ಮೋಟಾರು, ಬೀದಿದೀಪದ ಬಿಲ್ಲನ್ನೇ ಅದು ಉಳಿಸಿಕೊಂಡಿತು. ಬೇರೆಯವರ ಪಾವತಿಗೆ ಪೂರ್ತಿ ಜೋತುಬೀಳಲಿಲ್ಲ.

ಇದನ್ನೇ ಈಗ ಗಾಳಿಯಲ್ಲಿ ಮಾಡುವುದು ಕಷ್ಟ. 350 ಕಿಲೋವಾಟ್ ಫ್ಯಾನುಗಳ ಕಾಲ ಮುಗಿಯಿತು. ಈಗ ಬರುವವು 2–3 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡವು, ಒಂದೊಂದಕ್ಕೂ ಹತ್ತಾರು ಕೋಟಿ. ಒಂದು ಪಂಚಾಯಿತಿ ಕೊಳ್ಳುವಂಥದ್ದಲ್ಲ, ಷೇರು ಹಾಕಿಕೊಳ್ಳುವಂಥದ್ದು. ಡೆನ್ಮಾರ್ಕ್‌ನವರು ಮಾಡಿದ್ದು ಅದನ್ನೇ. ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿ 2000ದಲ್ಲಿ 20 ಫ್ಯಾನು ನಿಂತವು, 40 ಮೆಗಾವಾಟ್. ಅರ್ಧ ನಗರದ ವಿದ್ಯುತ್ ಸಂಸ್ಥೆಯದ್ದು, ಅರ್ಧ ಜನರ ಸಂಘದ್ದು. 40,500 ಷೇರು, ತಲಾ 4,250 ಕ್ರೋನರ್, ಕೊಂಡವರು ಎಂಟೂವರೆ ಸಾವಿರಕ್ಕೂ ಜಾಸ್ತಿ ಜನ. ಒಂದು ಷೇರು ಅಂದರೆ ವರ್ಷಕ್ಕೆ ಒಂದು ಸಾವಿರ ಯೂನಿಟ್ ಅಂತ ಲೆಕ್ಕ. ಸಾಮಾನ್ಯರಿಗೂ ಅರ್ಥವಾಗುವ ಷೇರು. ಜೊತೆಗೆ ದೊಡ್ಡ ಸಂಸ್ಥೆ ಪಕ್ಕದಲ್ಲೇ ನಿಂತಿದ್ದರಿಂದ ಎಂಜಿನಿಯರ್ ತಲೆನೋವು ಜನರ ಮೇಲೆ ಬೀಳಲಿಲ್ಲ. ಕಪ್ಪತಗುಡ್ಡದಲ್ಲೋ ಚಿತ್ರದುರ್ಗದಲ್ಲೋ ಬರುವ ಮುಂದಿನ ಯೋಜನೆಯಲ್ಲಿ ಹತ್ತು ಫ್ಯಾನಿಗೆ ಒಂದನ್ನು ಸುತ್ತಲಿನ ಪಂಚಾಯಿತಿಗಳಿಗೆ ಷೇರಾಗಿ ಕೊಡಿ ಅಂತ ಕೇಳುವುದು ತಪ್ಪೇನಲ್ಲ. ಡೆನ್ಮಾರ್ಕ್‌ನಲ್ಲಿ 2009ರಿಂದ ಹೊಸ ಗಾಳಿ ಯೋಜನೆಯ ಶೇ 20 ಪಾಲನ್ನು ಸ್ಥಳೀಯರಿಗೆ ಕೊಡಬೇಕು ಅನ್ನುವ ಕಾನೂನೇ ಇತ್ತು.

ಸರಿ, ಸೋಲಾರ್‌ಗೆ ಬರೋಣ. ದಾನದ ದುಡ್ಡಿನಲ್ಲಿ ಕಟ್ಟಿದ ಘಟಕಗಳ ಕಥೆ ಬೇರೆಯೇ. ಬಿಹಾರದ ಧರ್ನಾಯಿಯಲ್ಲಿ 2014ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ 100 ಕಿಲೋವಾಟ್ ಘಟಕ ಹಾಕಿತು, ದೇಶವೆಲ್ಲ ಸುದ್ದಿ. ಊರಿನವರು ಕೇಳಿದ್ದು "ಅಸಲಿ ಕರೆಂಟು". ಸರ್ಕಾರಿ ಲೈನ್ ಬಂತು, ಅದು ಅಗ್ಗ, ಫ್ರಿಜ್ಜೂ ಓಡುತ್ತದೆ. ಸೋಲಾರ್ ಮೂಲೆ ಸೇರಿತು. ಗುಜರಾತಿನ ಢುಂಡಿಯ ರೈತರದ್ದು ಇನ್ನೊಂದು ರೀತಿ. 2016ರಲ್ಲಿ ಆರು ರೈತರು ಸಂಘ ಮಾಡಿ, ಸೋಲಾರ್ ಪಂಪಿನಲ್ಲಿ ಮಿಕ್ಕ ಕರೆಂಟನ್ನು ಯೂನಿಟ್‌ಗೆ 4.63 ರೂಪಾಯಿಯಂತೆ ಮಾರುವ 25 ವರ್ಷದ ಒಪ್ಪಂದ ಮಾಡಿಕೊಂಡರು. ಅದು ನಡೆಯಿತು. ಆದರೆ ಬಂಡವಾಳದ ಬಹುಪಾಲು ಸಂಶೋಧನಾ ಸಂಸ್ಥೆಯ ನೆರವು, ದರದ ಮೇಲೆ ಬೋನಸ್ಸೂ ಅವರದ್ದೇ. ನಮ್ಮಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆ ಸುತ್ತಮುತ್ತ 'ಸೂರ್ಯ ರೈತ' ಅಂತ 310 ರೈತರ ಪಂಪ್‌ಸೆಟ್‌ಗೆ ಪ್ರಯೋಗ ನಡೆಯಿತು. ಒಳ್ಳೆಯ ಯೋಚನೆ. ನೀರು ಎತ್ತು, ಮಿಕ್ಕಿದ್ದನ್ನು ಮಾರು, ಅದರಲ್ಲೇ ಸಾಲ ತೀರಿಸು. ರಾಜ್ಯಕ್ಕೆಲ್ಲ ಹಬ್ಬಲಿಲ್ಲ, ಯಾಕೆಂದರೆ ಪ್ರತಿ ತಾಲ್ಲೂಕಿಗೂ ಅಷ್ಟು ಮೊದಲ ದುಡ್ಡು ಹಾಕುವವರು ಬೇಕಲ್ಲ? ಮೇಲಾಗಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ ಇರುವಾಗ ರೈತ ಸಾಲ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ದಾನಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಒಂದು ದಾರಿ ನಮ್ಮ ರಾಜ್ಯದಲ್ಲೇ ಇದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಮನೆ ಸೋಲಾರ್‌ಗೆ ಸಾಲ ಕೊಡಿಸಿತು. ಪ್ಯಾನೆಲ್ಲನ್ನು ಪುಕ್ಕಟೆ ಹಂಚಲಿಲ್ಲ. ಶೇ 12ರ ಆಸುಪಾಸಿದ್ದ ಬಡ್ಡಿಯನ್ನು ಶೇ 5ಕ್ಕೆ ಇಳಿಸಿತು, ಆಮೇಲೆ ಆ ರಿಯಾಯಿತಿಯನ್ನೂ ಮೆಲ್ಲಗೆ ತೆಗೆಯಿತು. ಅಷ್ಟರಲ್ಲಿ ಬ್ಯಾಂಕಿನವರಿಗೆ ಸೋಲಾರ್ ಸಾಲ ಮಾಮೂಲಿ ಆಗಿತ್ತು. 1995ರಿಂದ ಇದೇ ಕೆಲಸದಲ್ಲಿದ್ದ ಸೆಲ್ಕೋ ಸೋಲಾರ್ ಕಂಪನಿಯ ಹರೀಶ್ ಹಂದೆ, 2011ರಲ್ಲಿ ಮ್ಯಾಗ್ಸೆಸೆ ಪಡೆದವರು, ಒಂದು ಮಾತು ಆಗಾಗ ಹೇಳುತ್ತಾರೆ: ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಕಷ್ಟವಲ್ಲ. ದುಡ್ಡು ಬರುವ ಹೊತ್ತಿಗೆ ಕಂತೂ ಹೊಂದಿಕೊಳ್ಳಬೇಕು, ಅಷ್ಟೇ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಮೂಲಕ ಸೋಲಾರ್ ಸಾಲ ಹೋದದ್ದೂ ವಾರದ ಕಂತಿನ ಆ ಶಿಸ್ತಿನ ಮೇಲೆಯೇ.

ಆದರೆ ಮನೆ ದೀಪಕ್ಕೆ ಸರಿಹೋದದ್ದು ಊರ ಘಟಕಕ್ಕೆ ಸರಿಹೋಗಬೇಕಾದರೆ ಬ್ಯಾಂಕಿನವರ ಕಣ್ಣಿನಿಂದ ನೋಡಬೇಕು. ಮ್ಯಾನೇಜರ್ ಮೇಜಿನ ಮೇಲೆ ನಿಮ್ಮ ಫೈಲ್ ಇದೆ ಅಂದುಕೊಳ್ಳಿ. ಜಮೀನು ಐದು ಎಕರೆ. ಪಹಣಿ ಇನ್ನೂ ತಾತನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ, ಮುಂಬೈಯಲ್ಲಿರುವ ಚಿಕ್ಕಪ್ಪನ ಸಹಿ ಬೇಕು. ಸಂಘ ನೋಂದಣಿಯಾಗಿ ಎಂಟು ತಿಂಗಳು, ಆಡಿಟ್ ಆಗಿಲ್ಲ. ಅಧ್ಯಕ್ಷರು ಮುಂದಿನ ವರ್ಷ ಬದಲಾಗುತ್ತಾರೆ, ಸಾಲ 15 ವರ್ಷದ್ದು. ಅಡಮಾನ ಏನು? ಪ್ಯಾನೆಲ್ಲು. ಕಂತು ನಿಂತರೆ ಆ ಊರಿಗೆ ಹೋಗಿ ಪ್ಯಾನೆಲ್ ಬಿಚ್ಚಿಸಿಕೊಂಡು ಬರುವ ಧೈರ್ಯ ಯಾವ ಮ್ಯಾನೇಜರಿಗಿದೆ? ಬ್ಯಾಂಕುಗಳು ಕಡ್ಡಾಯವಾಗಿ ಇಂತಿಷ್ಟು ಕೊಡಬೇಕಾದ ಆದ್ಯತಾ ವಲಯದ ಸಾಲದ ಪಟ್ಟಿಯಲ್ಲಿ ರಿಸರ್ವ್ ಬ್ಯಾಂಕ್ 2025ರಲ್ಲಿ ಇಂಥ ವಿದ್ಯುತ್ ಯೋಜನೆಗಳ ಮಿತಿಯನ್ನು 30ರಿಂದ 35 ಕೋಟಿಗೆ ಏರಿಸಿತು. ಏರಿಸಲಿ ಪಾಪ. ನಮ್ಮ ಸಂಘಕ್ಕೆ ಬೇಕಾಗಿರುವುದು ಎರಡೂವರೆ ಕೋಟಿ.

ಅದಕ್ಕಿಂತ ದೊಡ್ಡ ಭಯ ವಸೂಲಿಯದ್ದು. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆ, ನೆತ್ತಿ ಮೇಲೆ ಬಿಸಿಲು, ಮೋಡದ ಚೂರೂ ಇಲ್ಲ. ಎಲ್ಲೋ ಮರದ ಕೊಂಬೆ ತಾಗಿ ಫೀಡರ್ ಟ್ರಿಪ್ ಆಯಿತು. ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಯಬೇಕಾದರೆ ನಿಲ್ಲಲೇಬೇಕು. ಒಂದು ಗಂಟೆ ಹೋದರೆ 700 ಯೂನಿಟ್ ಹೋಯಿತು, ಎರಡು ಸಾವಿರ ರೂಪಾಯಿಗೂ ಜಾಸ್ತಿ. ಹಳ್ಳಿ ಫೀಡರ್‌ಗಳಲ್ಲಿ ಇದು ಅಪರೂಪವೇನಲ್ಲ. ವರ್ಷದಲ್ಲಿ ಶೇ 10 ಹೀಗೆ ಸೋರಿದರೆ 14 ಲಕ್ಷದ ಉಳಿಕೆ 9 ಲಕ್ಷಕ್ಕಿಳಿಯುತ್ತದೆ. ಇನ್ನು ಎಸ್ಕಾಂ ಬಿಲ್ಲು ಆರು ತಿಂಗಳು ತಡವಾಯಿತು ಅಂದುಕೊಳ್ಳಿ. 26 ಲಕ್ಷ ಅಲ್ಲಿ ಸಿಕ್ಕಿಕೊಂಡಿತು, ಇಲ್ಲಿ ಬ್ಯಾಂಕಿಗೆ 17 ಲಕ್ಷ ಕಟ್ಟಬೇಕು. ಕಂತು 90 ದಿನ ದಾಟಿದರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ. ತಪ್ಪು ಮಾಡಿದ್ದು ಒಬ್ಬರು, ಸಿಬಿಲ್ (ಸಾಲ ತೀರಿಸಿದ ದಾಖಲೆ) ಕೆಡುವುದು ಇನ್ನೊಬ್ಬರದ್ದು. 2022ರ ತಡಪಾವತಿ ನಿಯಮ ಬಂದ ಮೇಲೆ ದೊಡ್ಡ ಉತ್ಪಾದಕರ ಬಾಕಿ ಇಳಿಯಿತು. ಅವರಿಗೆ ವಕೀಲರಿದ್ದಾರೆ, ದೆಹಲಿಯಲ್ಲಿ ಕಿವಿಗಳಿವೆ. ಒಂದು ಮೆಗಾವಾಟ್‌ನ ಸಂಘ ಎಕ್ಸಿಕ್ಯುಟಿವ್ ಎಂಜಿನಿಯರ್ ಕಚೇರಿಯ ಬೆಂಚಿನ ಮೇಲೆ ಕೂರುತ್ತದೆ.

ಹಾಲಿನ ಡೇರಿ ಯಾಕೆ ನಡೆಯಿತು? ಬೆಳಿಗ್ಗೆ ಹಾಕಿದ ಹಾಲಿನ ದುಡ್ಡು ನಿಗದಿಯಾದ ದಿನ ಖಾತೆಗೆ ಬೀಳುತ್ತದೆ, ಅದನ್ನು ನೋಡಿಯೇ ಬ್ಯಾಂಕು ಹಸುವಿಗೆ ಸಾಲ ಕೊಡುತ್ತದೆ. ಕರೆಂಟಿಗೂ ಆ ಖಾತ್ರಿ ಬೇಕು. ಎಸ್ಕಾಂ ಕೊಡುವ ದುಡ್ಡು ಮೊದಲು ಎಸ್ಕ್ರೋ ಖಾತೆಗೆ ಬರಲಿ, ಅಲ್ಲಿಂದ ಕಂತು ಬ್ಯಾಂಕಿಗೆ, ಮಿಕ್ಕಿದ್ದು ಸಂಘಕ್ಕೆ. ಮೂರ್ನಾಲ್ಕು ತಿಂಗಳ ಬಿಲ್ಲಿನಷ್ಟು ಮೀಸಲು ನಿಧಿಯನ್ನು ಸರ್ಕಾರ ಇಟ್ಟರೆ ಸಾಕು, ನೂರಾರು ಸಣ್ಣ ಘಟಕಗಳ ಮೇಲಿನ ಭಯ ಹೋಗುತ್ತದೆ. ಇದು ಸಬ್ಸಿಡಿ ಅಲ್ಲ. ಖರ್ಚಾಗದೇ ಇರಬಹುದಾದ ದುಡ್ಡು.

ಕರೆಂಟಿನ ವ್ಯವಹಾರ ಸಂಘಗಳ ಕೈಲಾಗದು ಅನ್ನುವವರು ಬೆಳಗಾವಿ ಜಿಲ್ಲೆಯ ಹುಕ್ಕೇರಿ ನೋಡಬೇಕು. ಅಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಮನೆಮನೆಗೆ ಕರೆಂಟು ಹಂಚುತ್ತಿದೆ. ಅದೇ ಕಾಲದಲ್ಲಿ ಶುರುವಾದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಬಾಕಿಯ ಭಾರದಲ್ಲಿ ಮುಳುಗಿ 2011ರಲ್ಲಿ ಲೈಸೆನ್ಸ್ ಕಳೆದುಕೊಂಡಿತು. ಎರಡೂ ಉದಾಹರಣೆ ನಮ್ಮ ಮುಂದೆಯೇ ಇವೆ. ಸಂಘ ಅಂದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು? ಮನೆಗಳ ಚಾವಣಿಯಿಂದ ಅಂತ ದೆಹಲಿ ಹೇಳುತ್ತದೆ. 2024ರ ಪಿಎಂ ಸೂರ್ಯ ಘರ್‌ನಲ್ಲಿ 75,021 ಕೋಟಿ ಇದೆ, 3 ಕಿಲೋವಾಟ್‌ಗೆ 78 ಸಾವಿರ ಸಬ್ಸಿಡಿ ಇದೆ. ಆದರೆ ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲು ಸೊನ್ನೆ ಬರುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿ ಯಾವ ಬಿಲ್ಲು ಉಳಿಸಬೇಕು? ಗೃಹಜ್ಯೋತಿ ತಪ್ಪು ಅನ್ನುತ್ತಿಲ್ಲ. ಆದರೆ ಒಂದು ಕೈ ಕೊಡುವುದನ್ನು ಇನ್ನೊಂದು ಕೈ ಅರ್ಥವಿಲ್ಲದಂತೆ ಮಾಡುತ್ತಿದೆ. ಹಳ್ಳಿಯಲ್ಲಿ ನಿಜವಾದ ಬಿಲ್ಲು ಇರುವುದು ಬೇರೆ ಕಡೆ. ಕುಡಿಯುವ ನೀರಿನ ಮೋಟಾರು, ಬೀದಿದೀಪ, ಡೇರಿಯ ಹಾಲು ತಂಪು ಮಾಡುವ ಟ್ಯಾಂಕು, ಹಿಟ್ಟಿನ ಗಿರಣಿ. ಇಲ್ಲಿ ಒಂದು ಯೂನಿಟ್ ಮಾರಿದರೆ ಮೂರು ರೂಪಾಯಿ, ಉಳಿಸಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ನೀರಿನ ಮೋಟಾರನ್ನು ಹಗಲೇ ಓಡಿಸಿ ಟ್ಯಾಂಕ್ ತುಂಬಿಸಿದರೆ ಬ್ಯಾಟರಿ ರಗಳೆಯೂ ಇಲ್ಲ.

25 ಕಿಲೋವಾಟ್ ಅಂತ ಹಿಡಿಯಿರಿ. ಕಿಲೋವಾಟ್‌ಗೆ 50 ಸಾವಿರದಂತೆ 12.5 ಲಕ್ಷ. ವರ್ಷಕ್ಕೆ 35 ಸಾವಿರ ಯೂನಿಟ್, 6 ರೂಪಾಯಿಯಂತೆ 2.1 ಲಕ್ಷ ಉಳಿತಾಯ. ಶೇ 70 ಸಾಲ, ಏಳು ವರ್ಷ, ಶೇ 10 ಬಡ್ಡಿ ಅಂದರೆ ಕಂತು ವರ್ಷಕ್ಕೆ 1.8 ಲಕ್ಷ. ಉಳಿತಾಯದಲ್ಲೇ ಕಂತು ಹೋಗುತ್ತದೆ. ಕೈಯಿಂದ ಹಾಕಬೇಕಾದ್ದು 3.75 ಲಕ್ಷ. ಇದು ಊರಿನ ಅಳತೆಯ ದುಡ್ಡು. ಷೇರು ಎತ್ತಬಹುದು, ದುಬೈಗೋ ಅಮೆರಿಕಕ್ಕೋ ಹೋದ ಊರಿನವರನ್ನು ಕೇಳಬಹುದು. ಅವರು ದೇವಸ್ಥಾನದ ಗೋಪುರಕ್ಕೆ ಕೊಡುವುದಿಲ್ಲವೇ?

ಒಂದೇ ಒಂದು ಕೊಕ್ಕೆ ಇದೆ. ನಮ್ಮ ಎಷ್ಟೋ ಪಂಚಾಯಿತಿಗಳು ಕರೆಂಟ್ ಬಿಲ್ಲನ್ನು ಕಟ್ಟುವುದೇ ಇಲ್ಲ, ಬಾಕಿ ಬೆಳೆಯುತ್ತಲೇ ಇರುತ್ತದೆ. ಕಟ್ಟದ ಬಿಲ್ಲಿನಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಅದಕ್ಕೇ ಪಂಚಾಯಿತಿ ಅನುದಾನದಲ್ಲಿ ಕರೆಂಟ್ ಬಿಲ್ಲಿಗೆ ಅಂತ ತೆಗೆದಿಡುವ ದುಡ್ಡಿನಿಂದಲೇ ಸೋಲಾರ್ ಕಂತು ನೇರ ಬ್ಯಾಂಕಿಗೆ ಹೋಗುವಂತೆ ಸರ್ಕಾರ ಒಂದು ಆದೇಶ ಮಾಡಬೇಕು. ಅಷ್ಟಾದರೆ ಸಾಲ ತೀರಿಸುವವರು ಅಧ್ಯಕ್ಷರೂ ಅಲ್ಲ, ಪಿಡಿಒನೂ ಅಲ್ಲ, ಅನುದಾನ. ಮ್ಯಾನೇಜರ್‌ಗೂ ನಿದ್ದೆ ಬರುತ್ತದೆ.

ಆದೇಶ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ನೀವು ಪಂಚಾಯಿತಿ ಸದಸ್ಯರಾಗಿದ್ದರೆ, ಅಥವಾ ಗ್ರಾಮಸಭೆಗೆ ಹೋಗುವವರಾದರೆ, ಮುಂದಿನ ಸಲ ಹನ್ನೆರಡು ತಿಂಗಳ ಕರೆಂಟ್ ಬಿಲ್ಲನ್ನು ಆರ್‌ಆರ್ ನಂಬರ್ (ಪ್ರತಿ ವಿದ್ಯುತ್ ಸಂಪರ್ಕದ ಸಂಖ್ಯೆ) ಪ್ರಕಾರ ಬಿಡಿಸಿ ಕೊಡಿ ಅಂತ ಕೇಳಿ. ಯಾವ ಮೋಟಾರು ಎಷ್ಟು ತಿನ್ನುತ್ತಿದೆ, ಎಷ್ಟು ಕಟ್ಟಲಾಗಿದೆ, ಎಷ್ಟು ಬಾಕಿ ಅಂತ ಗೊತ್ತಾಗುತ್ತದೆ. ಯೋಜನಾ ವರದಿಯ ಮೊದಲ ಪುಟಕ್ಕೆ ಬೇಕಾದ್ದು ಅದೇ ಪಟ್ಟಿ.